ಕಂಪನಿ ಮುಚ್ಚಿದ ಮೇಲೂ ಓಡುವ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಸ್ವಲ್ಪ ಉದ್ದದ ಬರಹ. ಒಂದು ಲೋಟ ಕಾಫಿ ಇಟ್ಟುಕೊಂಡು ಕೂತರೆ ನನ್ನ ಮೇಲೆ ಸಿಟ್ಟು ಕಡಿಮೆ ಬರುತ್ತದೆ :)

ಹಿಂದೊಮ್ಮೆ ಇಲ್ಲೇ, ಭಾನುವಾರ ಬೆಳಿಗ್ಗೆ ಮನೆ ಮುಂದೆ ಯೆಜ್ಡಿ ಬಿಚ್ಚಿ ಜೋಡಿಸುವ ನನ್ನ ಹುಚ್ಚಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿದ ಇಬ್ಬರು ಮೂವರು ಬ್ಲಾಗ್ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ. "ಆ ಕಂಪನಿ ಮುಚ್ಚಿ ಯಾವ ಕಾಲ ಆಯ್ತಲ್ಲ ಮಾರಾಯಾ, ಗಾಡಿ ಇನ್ನೂ ಹೇಗೆ ಓಡುತ್ತೆ?"

ಒಳ್ಳೆಯ ಪ್ರಶ್ನೆ. ಐದು ವರ್ಷದ ಹಿಂದೆ ಕೊಂಡ ಫೋನಿಗೆ ಇವತ್ತು ಬ್ಯಾಟರಿ ಸಿಗುವುದಿಲ್ಲ. ನಾನು ಆಫೀಸಿನಲ್ಲಿ ಬರೆದ ಕೋಡು ಮೂರು ವರ್ಷ ಕಳೆದರೆ ನನಗೇ ಅರ್ಥವಾಗುವುದಿಲ್ಲ. ಆದರೆ 1996ರಲ್ಲಿ ಬಾಗಿಲು ಹಾಕಿಕೊಂಡ ಮೈಸೂರಿನ ಕಾರ್ಖಾನೆಯೊಂದರ ಗಾಡಿ ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಇವತ್ತಿಗೂ ಡುಗು ಡುಗು ಅಂತ ಹೊಗೆಬಿಡುತ್ತಾ ಓಡುತ್ತದೆ. (ಹೊಗೆಯ ಬಗ್ಗೆ ಎದುರು ಮನೆಯ ಆಂಟಿಯ ಅಭಿಪ್ರಾಯ ಇಲ್ಲಿ ಬೇಡ.) ಇದು "ಆ ಕಾಲದ ಗಟ್ಟಿ ಕಬ್ಬಿಣ" ಎನ್ನುವ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಅದೇ ಕಾಲದ ಎಷ್ಟೋ ಗಟ್ಟಿ ಕಬ್ಬಿಣ ಗುಜರಿಗೆ ಹೋಗಿದೆ. ಈ ಗಾಡಿ ಉಳಿದಿದ್ದು ಅದನ್ನು ಮನೆಯಲ್ಲೇ ರಿಪೇರಿ ಮಾಡಬಹುದಾಗಿದ್ದರಿಂದ. ಹಾಗೆ ಮಾಡಬಹುದಾಗಿದ್ದಕ್ಕೆ ಹಿಂದೆ ಒಂದು ಚರಿತ್ರೆಯೇ ಇದೆ. ಇವತ್ತು ಅದನ್ನೇ ಹೇಳಹೊರಟಿದ್ದೇನೆ.

ಪ್ರಾಗ್‌ನಿಂದ ಯಾದವಗಿರಿಗೆ

ಜಾವಾ ಅನ್ನುವ ಹೆಸರು ಕೇಳಿ ಇಂಡೋನೇಷ್ಯಾದ ದ್ವೀಪವನ್ನೋ, ನಮ್ಮಂಥವರು ಅನ್ನ ತಿನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನೋ ನೆನೆಯಬೇಡಿ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡ. ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಜಾವಾ ಆಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನು ಹಿಡಿದುಕೊಂಡಿದ್ದಾಗ ಅಲ್ಲಿನ ಇಂಜಿನಿಯರುಗಳು ಕದ್ದುಮುಚ್ಚಿ ಒಂದು 250 ಸಿಸಿ ಟೂ ಸ್ಟ್ರೋಕ್ ಗಾಡಿಯನ್ನು ತಯಾರು ಮಾಡುತ್ತಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಹೊರಬಂತು. ನಮ್ಮ ಜಾವಾ ಯೆಜ್ಡಿಗಳೆಲ್ಲ ಆ ವಂಶದವು.

ಇನ್ನು ನಮ್ಮ ಕಡೆಯ ಕಥೆ. 1950ರ ದಶಕದಲ್ಲಿ ಭಾರತಕ್ಕೆ ಜಾವಾ ಬರುತ್ತಿದ್ದದ್ದು ಆಮದಾಗಿ. ಮುಂಬೈನ ಇರಾನಿ ಕುಟುಂಬದವರು ತರಿಸಿ ಮಾರುತ್ತಿದ್ದರು. ವಿದೇಶಿ ವಿನಿಮಯದ ಕೊರತೆ ಹೆಚ್ಚಿ ಸರ್ಕಾರ ಗಾಡಿಗಳ ಆಮದಿಗೆ ಕಡಿವಾಣ ಹಾಕಿತು. ಆಗ ಉಳಿದಿದ್ದು ಎರಡೇ ದಾರಿ: ವ್ಯಾಪಾರ ಬಿಡುವುದು, ಇಲ್ಲವೇ ಇಲ್ಲೇ ತಯಾರಿಸುವುದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಎರಡನೆಯದನ್ನು ಆರಿಸಿಕೊಂಡರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯಿತು, ಮೈಸೂರಿನ ಯಾದವಗಿರಿಯಲ್ಲಿ. ಆಕಾಶವಾಣಿ ಇರುವ, ಆರ್.ಕೆ. ನಾರಾಯಣ್ ಮನೆ ಕಟ್ಟಿಕೊಂಡಿದ್ದ ಅದೇ ಯಾದವಗಿರಿ! ಉದ್ಘಾಟನೆ ಮಾಡಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು.

ಆ ದಶಕದ ಭಾರತದ ರಸ್ತೆಯನ್ನು ಒಮ್ಮೆ ನೋಡಿ. ಮದರಾಸಿನಲ್ಲಿ 1955ರಿಂದ ಎನ್‌ಫೀಲ್ಡ್, ಅದರ ಮೂಲ ಇಂಗ್ಲೆಂಡು. ಉತ್ತರದಲ್ಲಿ 1962ರಿಂದ ಎಸ್ಕಾರ್ಟ್ಸ್‌ನವರ ರಾಜ್‌ದೂತ್, ಅದರ ಮೂಲ ಪೋಲೆಂಡು. ನಮ್ಮ ಮೈಸೂರಿನಲ್ಲಿ ಜಾವಾ, ಅದರ ಮೂಲ ಚೆಕೊಸ್ಲೊವಾಕಿಯಾ. ಆಯ್ಕೆ ಇದ್ದದ್ದೇ ಇಷ್ಟು. ಮೊದಮೊದಲು ಚೆಕ್ ದೇಶದಿಂದ ಬಂದ ಭಾಗಗಳನ್ನು ಜೋಡಿಸುವ ಕೆಲಸ. ಬರಬರುತ್ತಾ ಒಂದೊಂದೇ ಭಾಗ ಇಲ್ಲಿಯೇ ತಯಾರಾಗತೊಡಗಿತು. ನಮ್ಮ ಕಥೆಗೆ ಇದು ಮುಖ್ಯ, ನೆನಪಿಟ್ಟುಕೊಳ್ಳಿ. ಲೈಸೆನ್ಸ್ ಕಾಲದ ಷರತ್ತೇ ಅದಾಗಿತ್ತು: ಹೊರಗಿನಿಂದ ತರಿಸುವುದು ಕಡಿಮೆಯಾಗಬೇಕು, ಇಲ್ಲಿ ಮಾಡುವುದು ಹೆಚ್ಚಾಗಬೇಕು. ಹಾಗಾಗಿ ಒಂದು ಗಾಡಿಯ ಬುಶ್ಶು, ಪಿನ್ನು, ಗೇರು, ಕೇಬಲ್ಲು ಮಾಡುವ ವಿದ್ಯೆ ಮೈಸೂರು ಬೆಂಗಳೂರಿನ ಲೇತುಗಳಿಗೂ ಬಂತು. ಕಂಪನಿ ಹೋದರೂ ಆ ವಿದ್ಯೆ ಉಳಿಯಿತು.

1970ರ ದಶಕದ ಮೊದಲ ಭಾಗದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಯೆಜ್ಡಿ ಎಂದರೇನು ಅನ್ನುವುದಕ್ಕೆ ಎರಡು ಕಥೆಗಳಿವೆ. ಇರಾನಿ ಕುಟುಂಬದ ಮೂಲವಾದ ಇರಾನಿನ ಯಜ್ದ್ ಪಟ್ಟಣದ ಹೆಸರು ಅಂತ ಒಂದು. ಚೆಕ್ ಭಾಷೆಯಲ್ಲಿ "ಯೆಜ್ದೀ" ಅಂದರೆ "ಸವಾರಿ ಮಾಡುತ್ತದೆ" ಅಂತ, ಅದರಿಂದ ಬಂತು ಅಂತ ಇನ್ನೊಂದು. ನಮ್ಮ ಬೀದಿಯಲ್ಲಿ ಹೆಸರು ಯಾವುದಾದರೂ ಎಲ್ಲವೂ "ಜಾವಾ ಗಾಡಿ"ಯೇ. 1978ರಲ್ಲಿ ರೋಡ್‌ಕಿಂಗ್ ಬಂತು. ದೂರ ಪ್ರಯಾಣದ ಹುಚ್ಚಿದ್ದ ಒಂದಿಡೀ ಪೀಳಿಗೆಯ ಹುಡುಗರು ಅದರ ಮೇಲೆ ಘಟ್ಟ ಇಳಿದರು, ಹತ್ತಿದರು.

ಮಾಲೀಕನನ್ನೇ ಮೆಕ್ಯಾನಿಕ್ ಮಾಡಿದ ಗಾಡಿ

ಈಗ ಸ್ವಲ್ಪ ಇಂಜಿನ್ ಒಳಗೆ ಹೋಗೋಣ. ಹೆದರಬೇಡಿ, ಪರೀಕ್ಷೆ ಇಲ್ಲ.

ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಹಳೆಯ ಜಾವಾ 250ಯಲ್ಲಿ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಡಾಟ 75 ಮಿ.ಮೀ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು! ನೋಡಿದವರು ಎರಡು ಸಿಲಿಂಡರ್ ಅಂದುಕೊಳ್ಳಬೇಕು, ಹಾಗಿದೆ ಗತ್ತು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಂದರೆ ಗೇರ್. ಪರಿಚಯವಿಲ್ಲದ ಕಳ್ಳನಿಗೆ ಗಾಡಿ ಸ್ಟಾರ್ಟ್ ಮಾಡಲು ಬರುವುದಿಲ್ಲ ಅಂತ ಅಪ್ಪ ಹೇಳುತ್ತಿರುತ್ತಾರೆ.

ಬಲಗಡೆ ಮುಚ್ಚಳ ತೆಗೆದರೆ ಡೈನಮೋ ಮತ್ತು ಪಾಯಿಂಟು. ಎಡಗಡೆ ಮುಚ್ಚಳ ತೆಗೆದರೆ ಕ್ಲಚ್ಚು ಮತ್ತು ಪ್ರೈಮರಿ ಚೈನು. ಹಿಂದಿನ ಚೈನು ಪೂರ್ತಿ ಕವಚದೊಳಗೆ, ಧೂಳು ತಾಗದ ಹಾಗೆ. ಕೆಲವೇ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಸ್ಪ್ಯಾನರ್, ಒಂದು ಫೀಲರ್ ಗೇಜ್, ಒಂದು ಪುಲ್ಲರ್. ಎಸ್.ಜೆ.ಪಿ. ರಸ್ತೆಗೆ ಒಂದು ಸಲ ಹೋಗಿಬಂದರೆ ಮನೆಯಲ್ಲೇ ಗ್ಯಾರೇಜು.

ಸರಳವಾಗಿದೆ ಅಂದ ಮಾತ್ರಕ್ಕೆ ಸಾಧುವಲ್ಲ. ಈ ಗಾಡಿ ಯಜಮಾನನಿಂದ ಬಹಳ ಕೇಳುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿ.ಲೀ. ಕಡಿಮೆ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚು ಹಾಕಿದರೆ ಪ್ಲಗ್ ಕರಿ ಹಿಡಿದು ಕೆಮ್ಮುತ್ತದೆ. ಕಂಪನಿಯವರು ಒಂದು ಹಂತದಲ್ಲಿ ಆಯಿಲ್‌ಕಿಂಗ್ ಎಂಬ ಮಾದರಿಯಲ್ಲಿ ತಾನೇ ಆಯಿಲ್ ಬೆರೆಸುವ ಪಂಪ್ ಕೊಟ್ಟರು. ಜನ ಏನು ಮಾಡಿದರು ಗೊತ್ತೇ? ಎಷ್ಟೋ ಜನ ಪಂಪನ್ನು ನಂಬದೆ ಅದನ್ನು ಮುಚ್ಚಿಸಿ ಮತ್ತೆ ಕೈಯಲ್ಲೇ ಅಳೆದು ಹಾಕತೊಡಗಿದರು! ಆಟೊಮೇಶನ್ ಬಗ್ಗೆ ಅನುಮಾನ ನಮ್ಮ ಟೆಸ್ಟಿಂಗ್ ಟೀಮಿನವರು ಕಂಡುಹಿಡಿದಿದ್ದಲ್ಲ.

ಸ್ಟಾರ್ಟ್ ಆಗದ ಗಾಡಿಯ ಮುಂದೆ ಕೂತಾಗ ಕೇಳುವ ಪ್ರಶ್ನೆಗಳು ಮೂರೇ. ಪೆಟ್ರೋಲ್ ಬರ್ತಾ ಇದೆಯಾ? ಕರೆಂಟ್ ಬರ್ತಾ ಇದೆಯಾ? ಕಂಪ್ರೆಶನ್ ಇದೆಯಾ?

ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಸಾಲುತ್ತಿಲ್ಲ. ಒಣಗಿದ್ದರೆ ಟ್ಯಾಪು, ಪೈಪು, ಕಾರ್ಬುರೇಟರಿನ ಜೆಟ್ಟು ನೋಡಬೇಕು. ಕರಿ ಮಸಿ ಹಿಡಿದಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಇಂಜಿನ್ ವಿಪರೀತ ಕಾಯುತ್ತಿದೆ, ಜೋಪಾನ. ಕಾಫಿ ಪುಡಿಯ ಬಣ್ಣ ಇದ್ದರೆ ಎಲ್ಲ ಸರಿ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ಲಗ್ ಅನ್ನುವುದು ಈ ಗಾಡಿಯ ಲಾಗ್ ಫೈಲ್.

ಕಿಡಿ ಇಲ್ಲದಿದ್ದರೆ ಪಾಯಿಂಟಿಗೆ ಹೋಗಬೇಕು. ಎರಡು ಪುಟ್ಟ ಲೋಹದ ತುಟಿಗಳು ತೆರೆದು ಮುಚ್ಚುವಾಗ ಕಾಯಿಲಿನಲ್ಲಿ ಕಿಡಿ ಹುಟ್ಟುತ್ತದೆ. ಪೂರ್ತಿ ತೆರೆದಾಗ ನಡುವಿನ ಸಂದು ಸುಮಾರು 0.4 ಮಿ.ಮೀ. ಇರಬೇಕು. ಸವೆದರೆ ಸಂದು ಬದಲಾಗುತ್ತದೆ, ಸಂದು ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಟೈಮಿಂಗ್ ಬದಲಾದರೆ ಕಿಕ್ಕರ್ ತಿರುಗಿ ಒದೆಯುತ್ತದೆ. (ಜಾವಾ ಒದೆ ತಿಂದವರು ಕೈ ಎತ್ತಿ.) ಪಾಯಿಂಟಿನ ನಡುವೆ ಜೋರಾಗಿ ಕಿಡಿ ಹಾರಿ ಮುಖ ಸುಟ್ಟಿದ್ದರೆ ಅದು ಕಂಡೆನ್ಸರ್ ಹೋದ ಸೂಚನೆ. ಹಳೆಯ 6 ವೋಲ್ಟಿನ ಗಾಡಿಗಳಲ್ಲಿ ಬ್ಯಾಟರಿಯೇ ಕಾಯಿಲಿಗೆ ಕರೆಂಟ್ ಕೊಡುವುದರಿಂದ, ಬ್ಯಾಟರಿ ಪೂರ್ತಿ ಇಳಿದಿದ್ದರೆ ಎಷ್ಟು ಒದ್ದರೂ ವ್ಯರ್ಥ.

ಕಂಪ್ರೆಶನ್ ವಿಷಯ ಇನ್ನೂ ಸ್ವಾರಸ್ಯ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಕೆಳಗಿನ ಕೋಣೆಯೂ ಗಾಳಿಯಾಡದ ಹಾಗೆ ಬಿಗಿಯಾಗಿರಬೇಕು, ಏಕೆಂದರೆ ಪೆಟ್ರೋಲ್ ಗಾಳಿಯ ಮಿಶ್ರಣ ಮೊದಲು ಅಲ್ಲಿಗೆ ಬಂದು ಆಮೇಲೆ ಮೇಲೆ ಹೋಗುತ್ತದೆ. ಒಂದು ಕಡೆಯ ಆಯಿಲ್ ಸೀಲ್ ಹೋದರೆ ಹೊರಗಾಳಿ ಎಳೆದುಕೊಂಡು ಇಂಜಿನ್ ಕಾಯುತ್ತದೆ. ಇನ್ನೊಂದು ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಕಡೆಯ ಆಯಿಲ್ಲನ್ನೇ ಎಳೆದು ಕುಡಿದು ಬೀದಿ ತುಂಬಾ ಬಿಳಿ ಹೊಗೆ. "ಎಂಜಿನ್ ಹೋಯ್ತು, ಬೋರ್ ಮಾಡಿಸಿ" ಅಂತ ಗಾಬರಿಪಡಿಸುವ ಕಡೆಯಲ್ಲೂ ಎಷ್ಟೋ ಸಲ ಹೋಗಿರುವುದು ಒಂದು ರಬ್ಬರ್ ಬಳೆ ಮಾತ್ರ.

ಇದನ್ನೆಲ್ಲ ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಅಲ್ಲಿ ಟೂ ಸ್ಟ್ರೋಕ್ ಚಿತ್ರ ಬಿಡಿಸಿ ಹತ್ತು ಅಂಕ ತೆಗೆದುಕೊಂಡಿದ್ದೆ ಅಷ್ಟೆ. ಕಲಿತದ್ದು ಅಪ್ಪನಿಂದ, ಮತ್ತು ಅಪ್ಪನ ಗಾಡಿಯನ್ನು ಮೂವತ್ತು ವರ್ಷದಿಂದ ನೋಡುತ್ತಿರುವ ಮೇಸ್ತ್ರಿಯಿಂದ.

ಅಪ್ಪನ ನೋಟ್‌ಬುಕ್ ಹೇಳುವ ಚರಿತ್ರೆ

ಅಪ್ಪ ಈ ಯೆಜ್ಡಿಯನ್ನು ಕೊಂಡಿದ್ದು 1992ರಲ್ಲಿ, ಸೆಕೆಂಡ್ ಹ್ಯಾಂಡ್. ಅವತ್ತಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ತಾರೀಖು, ಕಿಲೋಮೀಟರ್, ಮಾಡಿದ ಕೆಲಸ. ವಾಕ್ಯಗಳೆಲ್ಲ ಟೆಲಿಗ್ರಾಂ ಥರ. "ಪಾಯಿಂಟ್ ಉಜ್ಜಿದೆ. ಕೆಂಗೇರಿ ತನಕ ಸರಿ." "ಸೈಲೆನ್ಸರ್ ಸುಟ್ಟು ತೊಳೆದೆ. ಏರಿನಲ್ಲಿ ಎಳೆಯುತ್ತೆ." "ಕ್ಲಚ್ ಪ್ಲೇಟ್ ಹೊಸದು. ರಾತ್ರಿ ಆಯಿಲ್‌ನಲ್ಲಿ ನೆನೆಸಿಟ್ಟಿದ್ದೆ." (ಈ ಗಾಡಿಯ ಕ್ಲಚ್ ಪ್ಲೇಟಿನಲ್ಲಿ ಕಾರ್ಕಿನ ಬಿಲ್ಲೆಗಳಿರುತ್ತವೆ. ಅಕ್ಕಿ ಉದ್ದು ನೆನೆಸುವ ಹಾಗೆ ಹಿಂದಿನ ರಾತ್ರಿ ನೆನೆಸಬೇಕು. ಒಣಗಿದ್ದು ಹಾಕಿದರೆ ಸುಡುತ್ತದೆ.)

ಓದುತ್ತಾ ಹೋದರೆ ಪುಸ್ತಕದ ನಡುವೆ ಒಂದು ಬದಲಾವಣೆ ಕಾಣುತ್ತದೆ. ಮೊದಲ ಪುಟಗಳಲ್ಲಿ ಪಾರ್ಟು ಎಂದರೆ ಪಾರ್ಟು, ವಿಶೇಷಣವಿಲ್ಲ. 1996ರ ನಂತರ "ಕಂಪನಿ" ಮತ್ತು "ಲೋಕಲ್" ಎಂಬ ಎರಡು ಜಾತಿ ಹುಟ್ಟುತ್ತವೆ. "ರಿಂಗ್, ಕಂಪನಿ, ಹಳೆ ಸ್ಟಾಕ್, ಜೆ.ಸಿ. ರಸ್ತೆ." ಇನ್ನೂ ಕೆಲವು ವರ್ಷ ಕಳೆದರೆ "ಕಂಪನಿ" ಎಂಬ ಪದ ಅಪರೂಪವಾಗುತ್ತದೆ. ಅದು ಬಂದ ಕಡೆಯೆಲ್ಲ ಅಪ್ಪ ಕೆಳಗೊಂದು ಗೆರೆ ಎಳೆದಿದ್ದಾರೆ. ಆಮೇಲೆ ಒಂದು ಮೂರನೇ ಜಾತಿ: "ಲೇತ್‌ನಲ್ಲಿ ಮಾಡಿಸಿದ್ದು." ಒಂದು ಕಾರ್ಖಾನೆ ಸಾಯುವುದು ಹೇಗೆ ಅಂತ ಇತಿಹಾಸದ ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನನಗೆ ಈ ನೋಟ್‌ಬುಕ್ಕಿನಲ್ಲಿ ಅರ್ಥವಾಯಿತು.

ಕಾರ್ಖಾನೆ ಸತ್ತಿದ್ದೇಕೆ? ಕಾರಣ ಒಂದಲ್ಲ. ದೊಡ್ಡದು 1984ರಿಂದ 1986ರ ನಡುವೆ ಬಂತು. ಸುಜುಕಿ, ಹೋಂಡಾ, ಯಮಾಹಾ, ಕವಾಸಾಕಿ, ನಾಲ್ಕೂ ಜಪಾನಿ ಕಂಪನಿಗಳು ಭಾರತೀಯ ಕಂಪನಿಗಳ ಕೈ ಹಿಡಿದು 100 ಸಿಸಿ ಗಾಡಿ ತಂದವು. ಪೆಟ್ರೋಲ್ ಬೆಲೆ ಏರುತ್ತಿದ್ದ ಕಾಲ. 250 ಸಿಸಿ ಟೂ ಸ್ಟ್ರೋಕಿನ ಮೈಲೇಜಿಗೂ 1985ರ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಮೈಲೇಜಿಗೂ ಹೋಲಿಕೆಯೇ ಇಲ್ಲ. ಸಂಬಳದ ಮನೆಯವರು ಯಾವುದನ್ನು ಕೊಳ್ಳುತ್ತಾರೆ ಹೇಳಿ? ಜೊತೆಗೆ ಕಾರ್ಮಿಕರ ತಕರಾರು, ಸಾಲ. ಅದರ ಮೇಲೆ 1991ರಲ್ಲಿ ಮೊದಲ ಸಲ ಬಂದು 1996ರಲ್ಲಿ ಬಿಗಿಯಾದ ಹೊಗೆ ನಿಯಮಗಳು. ಟೂ ಸ್ಟ್ರೋಕ್ ಇಂಜಿನ್ನು ಸುಡದ ಪೆಟ್ರೋಲನ್ನೂ ಸ್ವಲ್ಪ ಹೊರಗೆ ಬಿಡುತ್ತದೆ, ಅದು ಅದರ ಹುಟ್ಟುಗುಣ. ಹೊಸ ಇಂಜಿನ್ ಮಾಡಲು ದುಡ್ಡಿಲ್ಲದ ಕಂಪನಿ 1996ರಲ್ಲಿ ನಿಂತಿತು. ನಾನು ಹುಟ್ಟಿದ್ದು ಅದರ ಮರುವರ್ಷ.

ಆ ಎರಡು ಕಂಪನಿಗಳ ಜಾಹೀರಾತನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಇಡೀ ಕಥೆ ಕಾಣುತ್ತದೆ. ಯೆಜ್ಡಿಯವರದು "ಫಾರ್‌ಎವರ್ ಬೈಕ್, ಫಾರ್‌ಎವರ್ ವ್ಯಾಲ್ಯೂ". ಹೀರೋ ಹೋಂಡಾದವರದು "ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್". ತುಂಬಿಸು, ಮುಚ್ಚು, ಮರೆತುಬಿಡು! ಒಂದು ಶಾಶ್ವತ ಅನ್ನುತ್ತದೆ, ಇನ್ನೊಂದು ಮರೆತುಬಿಡು ಅನ್ನುತ್ತದೆ. ಮರೆಯುವುದೇ ಗೆದ್ದಿತು. ಅದನ್ನು ನಾನು ಹಳಿಯುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕಾದ ಮನುಷ್ಯನಿಗೆ ಕಿಕ್ಕರ್ ಒದೆಯುತ್ತಾ ನಿಲ್ಲುವ ಪುರುಸೊತ್ತಿಲ್ಲ. ಆದರೆ ಮರೆತುಬಿಡಬಹುದಾದ ಗಾಡಿ ಬಂದ ಮೇಲೆ ಗಾಡಿಯ ಒಳಗೇನಿದೆ ಅನ್ನುವುದನ್ನೂ ನಾವು ಮರೆತೆವು. ಆ ವ್ಯಾಪಾರದಲ್ಲಿ ಇದು ಉಚಿತವಾಗಿ ಬಂದ ಸಾಮಾನು.

ಜಾವಾದವರು ಮಾತ್ರ ಮರೆಯುವ ಹಾಗಿರಲಿಲ್ಲ. ಕಂಪನಿಯೇ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ, ಗ್ಯಾರಂಟಿ ಇಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕೆಲವರು ಮೈಸೂರಿನಲ್ಲೇ ಸಣ್ಣ ಗ್ಯಾರೇಜು ಹಾಕಿಕೊಂಡರು. ಲೇತಿನವರು ಬುಶ್ ಮಾಡಿದರು. ಮಾಲೀಕರು ಒಬ್ಬರಿಂದ ಒಬ್ಬರು ಕಲಿತರು, ಪಾರ್ಟು ಹಂಚಿಕೊಂಡರು. ಆಮೇಲೆ ಕ್ಲಬ್ಬುಗಳಾದವು. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರು ಮೈಸೂರುಗಳಲ್ಲಿ ನೂರಾರು ಗಾಡಿ ಸೇರುತ್ತವೆ. ಕಂಪನಿ ಸತ್ತ ಮೇಲೆ ಅದರ ಬಳಕೆದಾರರೇ ಕಂಪನಿಯಾದರು. ನಮ್ಮ ಕ್ಷೇತ್ರದಲ್ಲಿ ಓಪನ್ ಸೋರ್ಸ್ ಅಂತ ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ. ಇವರು ಆ ಪದವನ್ನೇ ಬಳಸದೆ ಅದನ್ನು ಮಾಡಿ ತೋರಿಸಿದ್ದಾರೆ.

ಹೊಸ ಜಾವಾ, ಹೊಸ ಪೆಟ್ರೋಲು

2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಬಂತು, ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಿಂದ. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಇಂಜಿನ್, ಫ್ಯುಯೆಲ್ ಇಂಜೆಕ್ಷನ್. ಚೆನ್ನಾಗಿದೆ, ಗೆಳೆಯನದ್ದು ಓಡಿಸಿ ನೋಡಿದ್ದೇನೆ. ಆದರೆ ಸ್ಟಾರ್ಟ್ ಆಗದಿದ್ದರೆ ನಾನು ಮೂರು ಪ್ರಶ್ನೆ ಕೇಳಿ ಉತ್ತರ ಹುಡುಕುವ ಹಾಗಿಲ್ಲ. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎನ್ನುವುದನ್ನೆಲ್ಲ ಇಸಿಯು ಎಂಬ ಪೆಟ್ಟಿಗೆ ತೀರ್ಮಾನಿಸುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ದೇಶದ ಹೊಸ ಗಾಡಿಗಳೆಲ್ಲ ಹೆಚ್ಚು ಕಡಿಮೆ ಹೀಗೆಯೇ. ಊರಿನ ಗಾಳಿಗೆ ಅದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆ ಪೆಟ್ಟಿಗೆಯೊಳಗಿನದು ಸಾಫ್ಟ್‌ವೇರ್. ಆದರೆ ಸಾಫ್ಟ್‌ವೇರ್ ಇಂಜಿನಿಯರ್ ಆದ ನನಗೇ ಅದನ್ನು ತೆರೆದು ನೋಡುವ ಅವಕಾಶವಿಲ್ಲ, ತಮಾಷೆ ಅಲ್ಲವೇ?

ಕೊಂಡವನಿಗೆ ರಿಪೇರಿಯ ಹಕ್ಕೂ ಇರಬೇಕು ಎನ್ನುವ ಮಾತು ಈಗ ಜಗತ್ತಿನಲ್ಲೆಲ್ಲ ಇದೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಇದಕ್ಕೊಂದು ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಫೋನು, ಮನೆಬಳಕೆಯ ಯಂತ್ರ, ಕೃಷಿ ಯಂತ್ರ, ವಾಹನ ಎಲ್ಲ ಅದರಲ್ಲಿವೆ. ಒಳ್ಳೆಯ ಹೆಜ್ಜೆ. ಆದರೆ ಹಕ್ಕು ಕೊಟ್ಟ ಮಾತ್ರಕ್ಕೆ ಕೈಗೆ ವಿದ್ಯೆ ಬರುವುದಿಲ್ಲ.

ಇನ್ನು ನಮ್ಮಂಥ ಹಳೆ ಗಾಡಿಯವರಿಗೆ ನಿಜವಾದ ತಲೆನೋವು ಬೇರೆ. 2023ರ ಫೆಬ್ರುವರಿಯಲ್ಲಿ, ಇದೇ ಬೆಂಗಳೂರಿನಲ್ಲಿ, ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಬಿಡುಗಡೆಯಾಯಿತು. 2025ರ ಹೊತ್ತಿಗೆ ಬಂಕುಗಳಲ್ಲೆಲ್ಲ ಅದೇ. ಕಬ್ಬು ಬೆಳೆಯುವ ಮಂಡ್ಯದವರಿಗೆ ಒಳ್ಳೆಯದಾಗಲಿ, ಆದರೆ ಹಳೆ ಇಂಜಿನ್ನಿಗೆ ಇದು ಹೊಸ ಆಹಾರ. ಎಥೆನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಬರಿ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ತೆಳುವಾದರೆ ಕಾಯುತ್ತದೆ. ಪ್ಲಗ್ ಬೆಳ್ಳಗಾಗುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ಒಳಗೆ ತುಕ್ಕು. ಹಳೆಯ ರಬ್ಬರ್ ಪೈಪು, ಟ್ಯಾಪಿನ ವಾಷರ್ ಮೆತ್ತಗಾಗುತ್ತವೆ. ಕಂಪನಿ ಇದ್ದಿದ್ದರೆ ಒಂದು ಸುತ್ತೋಲೆ ಬರುತ್ತಿತ್ತು, ಇಂತಿಂಥ ಜೆಟ್ ಹಾಕಿ, ಇಂತಿಂಥ ಪೈಪ್ ಹಾಕಿ ಅಂತ. ಈಗ ಬರೆಯುವವರು ಯಾರು? ನಾವೇ.

ನಾನು ಮಾಡಿಕೊಂಡಿದ್ದು ಇಷ್ಟು. ಎಥೆನಾಲ್ ತಡೆಯುವ ಹೊಸ ಪೈಪ್ ಹಾಕಿದೆ. ಮೇನ್ ಜೆಟ್ ಒಂದು ಹೆಜ್ಜೆ ದೊಡ್ಡದು ಮಾಡಿ, ಒಂದು ಸುತ್ತು ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿದೆ. ಕಾಫಿ ಬಣ್ಣ ಬರುವ ತನಕ ಮತ್ತೆ ಮತ್ತೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಪ್ ಮುಚ್ಚಿ ಕಾರ್ಬುರೇಟರ್ ಖಾಲಿಯಾಗುವ ತನಕ ಇಂಜಿನ್ ಓಡಿಸುತ್ತೇನೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ಕ್ಯಾನಿನಲ್ಲಿ ಕೂಡಿಡುವುದಿಲ್ಲ. ಇವೆಲ್ಲ ತಾರೀಖಿನ ಸಮೇತ ಅಪ್ಪನ ನೋಟ್‌ಬುಕ್ಕಿನಲ್ಲಿವೆ, ನನ್ನ ಕೋಳಿಕಾಲಿನ ಅಕ್ಷರದಲ್ಲಿ.

ಕಾಗದಪತ್ರದ ಕಥೆಯೂ ಸ್ವಲ್ಪ ಕೇಳಿ. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ದ್ವಿಚಕ್ರದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1000ಕ್ಕೆ ಏರಿತು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ಎಂಬ ಮರ್ಯಾದೆ ಸಿಗಬಹುದು, ಆದರೆ ಆಗ ದಿನನಿತ್ಯ ಓಡಿಸುವ ಹಾಗಿಲ್ಲ. ನಮ್ಮದು ಎಂಬತ್ತರ ದಶಕದ್ದು. ಹೊಸದೂ ಅಲ್ಲ, ವಿಂಟೇಜೂ ಅಲ್ಲ. ಮನೆಯಲ್ಲಿ ಮದುವೆಯಾಗದ ಮಧ್ಯವಯಸ್ಸಿನ ಚಿಕ್ಕಪ್ಪನ ಥರ, ಯಾವ ಪಟ್ಟಿಗೂ ಸೇರುವುದಿಲ್ಲ.

ಇನ್ನೊಂದು ವಿಚಿತ್ರ. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಾದವು ಅಂತ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ಮಾತು ಸರಿಯೇ. ಆದರೂ ನೋಡಿ, ಮೈಸೂರಿನಲ್ಲಿ ಹುಟ್ಟಿದ ಗಾಡಿ ಈಗ ಹುಟ್ಟೂರಿಗೆ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ನನಗೇನೂ ಬೇಸರವಿಲ್ಲ ಬಿಡಿ. ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರು ವಡೆ ಎಲ್ಲ ಇರುವುದು ಹಳೇ ರಸ್ತೆಯ ಕಡೆಯೇ :)

ಇದನ್ನೆಲ್ಲ ಈಗೇಕೆ ಬರೆದೆ ಅಂದರೆ

ಅಪ್ಪನಿಗೆ ಈಗ ಮಂಡಿ ನೋವು. ಕಿಕ್ಕರ್ ಒದೆಯಲು ಆಗುವುದಿಲ್ಲ. ಮೊನ್ನೆ ಒಬ್ಬರು ಒಳ್ಳೆಯ ಬೆಲೆಗೆ ಗಾಡಿ ಕೇಳಿಕೊಂಡು ಬಂದಿದ್ದರು. ಅವರು ಹೋದ ಮೇಲೆ ಅಪ್ಪ, "ಕೊಟ್ಟುಬಿಡೋಣ ಕಣೋ. ನಿನಗೂ ಕೆಲಸ, ಪುರುಸೊತ್ತಿಲ್ಲ. ಈ ಪೆಟ್ರೋಲ್ ಬೇರೆ ಹಿಂಗೆ" ಅಂದರು. ನಾನು ಏನೂ ಹೇಳಲಿಲ್ಲ. ಮರುದಿನ ಮೇಸ್ತ್ರಿ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರ ಗ್ಯಾರೇಜಿನಲ್ಲಿ ಈಗ ಹುಡುಗರಿಲ್ಲ. ಕಲಿಯಲು ಬಂದವರೆಲ್ಲ ಡೆಲಿವರಿ ಕೆಲಸಕ್ಕೆ ಹೋದರು, ಅಲ್ಲಿ ದಿನಕ್ಕೆ ದಿನ ದುಡ್ಡು. ಅವರ ಮಗ ಬ್ಯಾಂಕಿನಲ್ಲಿದ್ದಾನೆ.

"ಗಾಡಿ ಮಾರಿದ್ರೆ ಇನ್ನೊಂದು ತಗೋಬೋದು ನೋಡಪ್ಪಾ," ಅಂದರು, ಕೈ ಒರೆಸಿಕೊಳ್ಳುತ್ತಾ. "ನಾನು ಸದ್ದು ಕೇಳಿ ಬೇರಿಂಗ್ ಹೋಗಿದ್ಯಾ, ಚೈನ್ ಸಡಿಲಾ ಅಂತ ಹೇಳ್ತೀನಲ್ಲ, ಅದನ್ನ ಯಾರಿಗೆ ಮಾರ್ಲಿ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವತ್ತಿನಿಂದ ಒಂದು ಕೆಲಸ ಶುರು ಮಾಡಿದ್ದೇನೆ. ಈ ಗಾಡಿಯ ಮೇಲಿನ ಪುಸ್ತಕ, ನಕ್ಷೆ, ವಿವರ ಎಲ್ಲ ಇಂಗ್ಲಿಷಿನಲ್ಲೋ ಚೆಕ್ ಭಾಷೆಯಲ್ಲೋ ಸಿಗುತ್ತವೆ. ಅದನ್ನು ನಲವತ್ತು ವರ್ಷ ಕೈಯಲ್ಲಿ ಮಾಡಿದವರು ಮಾತಾಡಿದ್ದು, ಕಲಿಸಿದ್ದು ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ. ಅದ್ಯಾವುದೂ ಬರಹಕ್ಕೆ ಇಳಿದಿಲ್ಲ. ಮೇಸ್ತ್ರಿಯ ಜೊತೆ ಶನಿವಾರ ಸಂಜೆ ಒಂದು ಗಂಟೆ ಕೂತು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೇನೆ. ಕಿಕ್ಕರ್ ಬಿಗಿ ಆದರೆ ಏನು, ಸದ್ದು "ಟಣ ಟಣ" ಬಂದರೆ ಏನು, "ಕರ ಕರ" ಬಂದರೆ ಏನು. ಒಂದೊಂದಾಗಿ ಇಲ್ಲಿ ಹಾಕುತ್ತೇನೆ. ಯೂನಿಕೋಡಿನಲ್ಲಿ ಇದ್ದರೆ ಮುಂದೆ ಯಾರಾದರೂ ಹುಡುಕಿದಾಗ ಸಿಗುತ್ತದೆ, ಅಷ್ಟೇ ಆಸೆ.

ಗಾಡಿಯನ್ನು ಸದ್ಯಕ್ಕೆ ಕೊಡುತ್ತಿಲ್ಲ. ಅಪ್ಪನಿಗೆ ಹಾಗೆಂದು ಹೇಳಿದಾಗ ಅವರೂ ಏನೂ ಮಾತಾಡಲಿಲ್ಲ. ಆದರೆ ಮರುದಿನ ನೋಟ್‌ಬುಕ್ ತೆಗೆದು ನೋಡಿದರೆ ನಾನು ಬರೆದಿದ್ದ ಜೆಟ್ಟಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ, "ಮಳೆಗಾಲದಲ್ಲಿ ಇನ್ನೊಮ್ಮೆ ನೋಡುವುದು" ಅಂತಿತ್ತು. ನೂರು ಪುಟದ ಪುಸ್ತಕದಲ್ಲಿ ಇನ್ನು ಒಂಬತ್ತು ಹಾಳೆ ಖಾಲಿ ಇವೆ.

ನಿಮ್ಮ ಮನೆಯಲ್ಲಿ, ಅಜ್ಜನ ಮನೆಯಲ್ಲಿ, ಪಕ್ಕದ ಬೀದಿಯಲ್ಲಿ ಜಾವಾ ಇಟ್ಟವರು, ರಿಪೇರಿ ಮಾಡಿದವರು, ಯಾದವಗಿರಿ ಕಾರ್ಖಾನೆಯಲ್ಲಿ ದುಡಿದವರು ಇದ್ದರೆ ದಯವಿಟ್ಟು ಅವರ ಜೊತೆ ಒಂದು ಸಂಜೆ ಕೂತು ಮಾತಾಡಿ, ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ನನಗೂ ತಿಳಿಸಿ. ಬೇಗ ಆದರೆ ಒಳ್ಳೆಯದು.